ಆವಿಯಲ್ಲಿ ಬೆಂದ ಸ್ಪಂಜು

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಿಸ್ಟರಮ್ಮ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ನಿಂತವರು, ಆ ಲೋಟವನ್ನು ಎಲ್ಲಿ ಇಟ್ಟರೋ ಅವರಿಗೇ ತಿಳಿಯಲಿಲ್ಲ. ಅವತ್ತು ಅವರಿಗೆ ವಾರದ ರಜೆ. ಮಗ ಪತ್ರಿಕೆಯ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಸೊಸೆ ಎದ್ದವಳೇ ಡ್ರೈವಿಂಗ್ ಸ್ಕೂಲಿಗೆ ಹೊರಟುಹೋಗಿದ್ದಳು, ಯಾರಿಗೋ ಕ್ಲಚ್ಚು ಬ್ರೇಕು ಕಲಿಸುವುದಕ್ಕೆ. ಹೋಗುವ ಗಡಿಬಿಡಿಯಲ್ಲಿ ಟ್ಯಾಂಕಿನ ಕಡೆ ನೋಡಿರಲಿಲ್ಲ, ಅಥವಾ ಆಗ ಇವು ಚೆನ್ನಾಗಿಯೇ ಇದ್ದವೋ ಏನೋ. ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಮೂತಿಯನ್ನು ನೀರಿನಿಂದ ಆಚೆ ಹಾಕಿ ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದವು. ಸೊಸೆ ಮುದ್ದಿನಿಂದ ಕರಿಯ ಎಂದು ಕರೆಯುವ ಕಪ್ಪು ಮೀನು ಒಂದು ಮೂಲೆಯಲ್ಲಿ ಓರೆಯಾಗಿ ನಿಂತಿತ್ತು, ಅದರ ಕಿವಿರು ಮಾತ್ರ ಬಡಬಡ ಬಡಿದುಕೊಳ್ಳುತ್ತಿತ್ತು. ಹಾಗೆ ಉಸಿರಾಡುವವರನ್ನು ಸಿಸ್ಟರಮ್ಮ ಜೀವಮಾನವೆಲ್ಲ ನೋಡಿದ್ದಾರೆ, ಆಸ್ಪತ್ರೆಯಲ್ಲಿ ಗಾಲಿಮಂಚದ ಮೇಲೆ ದಡದಡನೆ ತಳ್ಳಿಕೊಂಡು ಹೋಗುವಾಗ. ನೀರು ಮಾತ್ರ ಎಷ್ಟು ತಿಳಿ! ಆಚೆ ಗೋಡೆಯ ಸುಣ್ಣದ ಬಿರುಕೂ ಅದರೊಳಗಿಂದ ಕಾಣುತ್ತಿತ್ತು. ಇಷ್ಟು ಚೊಕ್ಕ ನೀರಿನಲ್ಲಿ ಇವಕ್ಕೇನು ಬಂತು ಧಾಡಿ ಎಂದು ಒಂದು ಗಳಿಗೆ ಸಿಟ್ಟೇ ಬಂತು ಅವರಿಗೆ. ಆ ಸಿಟ್ಟಿನ ಹಿಂದೆಯೇ ಎದೆ ಧಸಕ್ಕೆಂದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಇಲ್ಲದ ನಡುಮನೆಯಲ್ಲಿ ಅವರು ಹಿಂದೆ ತಿರುಗಿ ನೋಡಿದರು.

ಮಾಡಿದ್ದು ಮೊನ್ನೆ. ಟ್ಯಾಂಕು ಮನೆಗೆ ಬಂದು ಇನ್ನೂ ಎಷ್ಟು ದಿನವಾಯಿತು, ಸೊಸೆಯೇ ಈ ಮನೆಗೆ ಬಂದು ಎಷ್ಟು ದಿನವಾಯಿತು. ಅವಳು ತನ್ನ ಪೆಟ್ಟಿಗೆ, ಬಟ್ಟೆ, ಒಂದು ಹಳೇ ರೇಡಿಯೊ ಬಿಟ್ಟರೆ ಬೇರೇನೂ ತಂದವಳಲ್ಲ. ಬಂದ ಮೇಲೆ ತನಗೆಂದು ಇಲ್ಲಿ ಇಟ್ಟುಕೊಂಡದ್ದು ಇದೊಂದೇ ಟ್ಯಾಂಕು. ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ವರ್ಷಗಳಿಂದ ಒಂದಿದೆಯಂತೆ, ಅದನ್ನು ನೋಡಿ ನೋಡಿ ಆಸೆಯಾಗಿತ್ತಂತೆ. ಮೊದಲ ದಿನವೇ ಅತ್ತೆಯನ್ನು ಕೂರಿಸಿಕೊಂಡು, ಹೊಸ ಟ್ಯಾಂಕು ಹಣ್ಣಾಗಬೇಕು, ಅಲ್ಲಿಯವರೆಗೆ ಅದನ್ನು ಅದರ ಪಾಡಿಗೆ ಬಿಡಬೇಕು ಎಂದೆಲ್ಲ ಹೇಳಿದ್ದಳು. ಸಿಸ್ಟರಮ್ಮ ಹೂಂ ಹೂಂ ಎಂದಿದ್ದರು. ಟ್ಯಾಂಕು ಹಣ್ಣಾಗುವುದಕ್ಕೆ ಅದೇನು ಬಾಳೆಗೊನೆಯೇ ಎಂದು ಒಳಗೊಳಗೇ ನಕ್ಕಿದ್ದರು. ಆಮೇಲೆ ನೀರು ಸ್ವಲ್ಪ ಮಬ್ಬಾಯಿತು. ನೀರು ಸೋಸುವ ಯಂತ್ರದ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಲೋಳೆಯಾಯಿತು. ಅದರ ಮುಂದೆ ಹಾದುಹೋಗುವಾಗೆಲ್ಲ ಸಿಸ್ಟರಮ್ಮನ ಕೈ ತುರಿಸುತ್ತಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಕೋಣೆ ಅವರ ಸುಪರ್ದಿ. ಅವರು ಸೈ ಎನ್ನದೆ ಒಂದು ಸೂಜಿಯೂ ಆ ಕೋಣೆಯಿಂದ ಆಚೆ ಬರುವುದಿಲ್ಲ. ಮೊನ್ನೆ ಸೊಸೆ ಇಲ್ಲದ ಹೊತ್ತು ನೋಡಿ ಸ್ಪಂಜನ್ನು ಕಿತ್ತು, ಕವರಿನಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದರು. ಕೊನೆಯ ಸರದಿಯ ಸಾಮಾನಿನ ಜೊತೆ ಅದನ್ನೂ ಹಸಿರು ಬಟ್ಟೆಯಲ್ಲಿ ಕಟ್ಟಿ, ಮೇಲೆ ಗುರುತಿನ ಪಟ್ಟಿ ಅಂಟಿಸಿ, ಆವಿಯ ಪೆಟ್ಟಿಗೆಯೊಳಗೆ ತಳ್ಳಿದರು. ಪಟ್ಟಿಯ ಮೇಲಿನ ಗೆರೆಗಳು ಕಪ್ಪಾದರೆ ಒಳಗಿನದು ಶುದ್ಧವಾಯಿತು ಎಂದು ಅರ್ಥ, ಗೆರೆಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಜೊತೆಗಿದ್ದ ನರ್ಸು ಹುಡುಗಿ ಗಂಟು ಬಿಚ್ಚಿದವಳು, ಇದು ಯಾವ ಆಪರೇಷನ್ನಿಗೆ ಸಿಸ್ಟರ್ ಎಂದು ಕೇಳಿದಾಗ, ನಿನ್ನ ಕೆಲಸ ನೋಡಿಕೊ ಎಂದು ಗದರಿಸಿದರು. ಮನೆಗೆ ಬಂದು ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಟ್ಯಾಂಕಿನ ಕಲ್ಲುಗಳನ್ನೂ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಗಾಜನ್ನು ತಿಕ್ಕಿ, ನಲ್ಲಿ ನೀರು ತುಂಬಿಸಿ, ಮೀನುಗಳನ್ನು ಮತ್ತೆ ಒಳಗೆ ಬಿಟ್ಟು, ಸ್ವಲ್ಪ ಕುಗ್ಗಿದ್ದ ಬಿಳೀ ಸ್ಪಂಜನ್ನು ಅದರ ಜಾಗಕ್ಕೆ ತುರುಕಿಟ್ಟು, ನೆಲ ಒರೆಸಿ, ಏನೂ ಅರಿಯದವರಂತೆ ಟೀವಿ ಹಾಕಿ ಕೂತರು.

ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಹೀಗೆ ಕಳ್ಳಿಯಂತೆ ಹಿಂದೆ ತಿರುಗಿ ನೋಡಬೇಕಾಗಿರಲಿಲ್ಲ. ಆ ಸಂಜೆ ಸೊಸೆ ಬಂದು, ಚಪ್ಪಲಿ ಬಿಡುವ ಮೊದಲೇ ಟ್ಯಾಂಕು ನೋಡಿ, ಎಷ್ಟು ತಿಳಿಯಾಗಿದೆ ನೋಡಿ ಅತ್ತೆ, ತನ್ನಷ್ಟಕ್ಕೆ ತಾನೇ ತಿಳಿಯಾಯಿತು, ಬಿಟ್ಟರೆ ಸರಿಹೋಗುತ್ತೆ ಅಂತ ಹೇಳಲಿಲ್ಲವೇ ಎಂದು ಮಗುವಿನ ಹಾಗೆ ಹಿಗ್ಗಿದ್ದಳು. ಗೆಳತಿಗೆ ಫೋನು ಮಾಡಿಯೂ ಅದನ್ನೇ ಹೇಳಿದ್ದಳು. ಬಾಯಿ ತೆರೆಯಬೇಕಾದದ್ದು ಆಗಲೇ. ಸಿಸ್ಟರಮ್ಮ ಹೌದಲ್ಲ, ತಾನೇ ತಿಳಿಯಾಯಿತಲ್ಲ ಎಂದುಬಿಟ್ಟರು. ಯಾಕೆ ಹಾಗಂದೆ ಎಂದು ಈಗ ಎಷ್ಟು ಕೆದಕಿದರೂ ಗೊತ್ತಾಗುತ್ತಿಲ್ಲ. ಅವಳ ಸಂತೋಷ ಕೆಡಿಸಬಾರದು ಎಂದೇ? ಹಾಗೆ ಅಂದುಕೊಂಡರೆ ಕೇಳುವುದಕ್ಕೆ ಚೆನ್ನಾಗಿದೆ. ನಿಜವಾಗಿ ನೋಡಿದರೆ, ನೀನು ಕೊಳಕು, ನಾನು ತೊಳೆದೆ ಎಂದು ಹೇಳಿದ ಹಾಗಾಗುತ್ತದೆ ಎಂಬ ಹೆದರಿಕೆ. ಇನ್ನೂ ನಿಜವಾಗಿ ನೋಡಿದರೆ, ಹಾಗೆಂದು ಹೇಳುವುದಕ್ಕೇ ತಾನು ಅದನ್ನು ತೊಳೆದದ್ದೇನೋ. ಸೊಸೆಯಾದರೂ ಎಂಥವಳು, ಏನು ಮಾಡಿದರೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ "ಇರಲಿ ಅತ್ತೆ" ಎನ್ನುವವಳು. ಬಂದಾಗಿನಿಂದ ಒಂದು ಗಟ್ಟಿ ಮಾತಿಲ್ಲ, ಮುಖ ಸಿಂಡರಿಸಿದ್ದಿಲ್ಲ. ಆ ನಯಕ್ಕೆ ಎಲ್ಲಿ ಕೈ ಹಾಕಿ ಹಿಡಿಯಬೇಕು ಎಂದು ಸಿಸ್ಟರಮ್ಮನಿಗೆ ತಿಳಿಯುತ್ತಿರಲಿಲ್ಲ.

ತಾನೂ ಹಾಗೇ ಇದ್ದವಳಲ್ಲವೇ. ಮದುವೆಯಾಗಿ ಬಂದ ಹೊಸತು, ಮೊದಲ ಸಲ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದು, ನೀರು ಸೋರಲಿ ಎಂದು ಬೋರಲು ಹಾಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಗ, ಅತ್ತೆ ಬಂದರು. ಏನೂ ಅನ್ನಲಿಲ್ಲ. ಒಂದೊಂದೇ ಪಾತ್ರೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ತೊಳೆದರು, ಅಷ್ಟನ್ನೂ, ಕೊನೆಯ ಚಮಚದವರೆಗೆ. ತಾನು ಪಕ್ಕದಲ್ಲಿ ನಿಂತೇ ಇದ್ದೆ. ಹೋಗಲೂ ಆಗದೆ, ಇರಲೂ ಆಗದೆ, ಒದ್ದೆಯಿಲ್ಲದ ಕೈಯನ್ನು ಒರೆಸಿಕೊಳ್ಳುತ್ತಾ. ಆಮೇಲೆ ಎಷ್ಟು ವರ್ಷ ಒಂದೇ ಸೂರಿನಡಿ ಬಾಳಿದರು ಇಬ್ಬರೂ. ನೆಂಟರು ಬಂದವರೆಲ್ಲ, ಎಂಥ ಅತ್ತೆ ಸೊಸೆಯಪ್ಪ, ಒಂದು ದಿನ ದನಿ ಎತ್ತಿದ್ದು ಕಾಣೆವು ಎಂದು ಹೊಗಳಿ ಹೋಗುತ್ತಿದ್ದರು. ದನಿ ಎತ್ತದೆಯೇ ಅತ್ತೆ ಹಾಸಿಗೆ ಹಿಡಿದರು, ದನಿ ಎತ್ತದೆಯೇ ತಾನು ಮಲಮೂತ್ರ ಬಳಿದೆ, ದನಿ ಎತ್ತದೆಯೇ ಅವರು ಹೋದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದಾಗ ಹಾಗೆ ಮಾಡುವುದಿಲ್ಲ ಎಂದು ಅವತ್ತೇ ಅಂದುಕೊಂಡಿದ್ದೆ. ಮಾಡಿದ್ದೂ ಅದನ್ನೇ, ಅತ್ತೆಗಿಂತ ಒಂದು ಕೈ ಮಿಗಿಲಾಗಿ. ಅವರಾದರೂ ಎದುರಿಗೇ ತೊಳೆದರು. ತಾನು ಕದ್ದು ತೊಳೆದೆ.

ಕರಿಯ ತಲೆಕೆಳಗಾಗಿ ಅರ್ಧ ಸುತ್ತು ತಿರುಗಿ ಮತ್ತೆ ಸರಿಯಾಯಿತು. ಸಿಸ್ಟರಮ್ಮನ ಕೈ ತಾನಾಗಿಯೇ ಮೇಲೇರಿ ಟ್ಯಾಂಕಿನ ಮುಚ್ಚಳ ತೆಗೆಯಿತು. ಇನ್ನೊಮ್ಮೆ ತೊಳೆದುಬಿಡಲೇ? ಎಲ್ಲೋ ಸ್ವಲ್ಪ ಕೊಳೆ ಉಳಿದಿರಬೇಕು, ಅದಕ್ಕೇ ಹೀಗಾಗಿದೆ. ಬಕೆಟ್ಟು ತಂದು ನಲ್ಲಿಯ ಕೆಳಗಿಟ್ಟದ್ದೂ ಆಯಿತು. ನಲ್ಲಿ ತಿರುಗಿಸಿದಾಗ ಬಂದ ನೀರಿನ ವಾಸನೆ ಮೂಗಿಗೆ ಬಡಿದು, ಇದು ಆಸ್ಪತ್ರೆಯ ನಮ್ಮ ಕೋಣೆಯಲ್ಲಿ ನೆಲಕ್ಕೆ ಹಾಕುವ ಔಷಧಿಯದೇ ವಾಸನೆಯಲ್ಲವೇ, ಇದರಲ್ಲಿ ಉಸಿರಾಡು ಎಂದರೆ ಯಾರು ಆಡುತ್ತಾರೆ ಎನಿಸಿ ನಲ್ಲಿ ನಿಲ್ಲಿಸಿದರು. ಆಗ ಇನ್ನೊಂದು ಯೋಚನೆ ಬಂತು, ಬಲು ಮೆಲ್ಲಗೆ, ಬೆಕ್ಕಿನ ಹೆಜ್ಜೆಯಲ್ಲಿ. ಸುಮ್ಮನಿದ್ದುಬಿಟ್ಟರೆ? ಸೊಸೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನೀನು ಊಟ ಜಾಸ್ತಿ ಹಾಕಿದೆಯೇನೋ ಎಂದರಾಯಿತು. ಅವಳು ನಂಬುತ್ತಾಳೆ, ತನ್ನದೇ ತಪ್ಪು ಎಂದು ಅಳುತ್ತಾಳೆ, ಬೆನ್ನು ಸವರಿ ಸಮಾಧಾನ ಮಾಡಬಹುದು. ಬೆನ್ನು ಸವರುತ್ತಿರುವ ತನ್ನ ಕೈ ಕಣ್ಣಿಗೆ ಕಟ್ಟಿದ್ದೇ ತಡ, ಸಿಸ್ಟರಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎಷ್ಟು ಎಳೇ ನರ್ಸುಗಳನ್ನು ಅಳಿಸಿಲ್ಲ ತಾನು, ತಪ್ಪು ಔಷಧಿ ಕೊಟ್ಟು ಮುಚ್ಚಿಟ್ಟರೆಂದು. ಏನು ಕೊಟ್ಟೆ ಅಂತ ಬಾಯಿ ಬಿಡು, ನಿನ್ನ ಮಾನಕ್ಕಿಂತ ಆ ಜೀವ ದೊಡ್ಡದು ಎಂದು ಕಾರಿಡಾರಿನಲ್ಲಿ ಎಲ್ಲರ ಎದುರು ಕೂಗಿಲ್ಲವೇ. ಈಗ ಕೂಗುವವರಿಲ್ಲ ಎಂದು ಆ ಮಾತು ಸುಳ್ಳಾಗುತ್ತದೆಯೇ? ಸೊಸೆಗೆ ಫೋನು ಮಾಡಿದರು.

ಸೊಸೆ ಎತ್ತಿದವಳೇ, ಕ್ಲಾಸಿನಲ್ಲಿದ್ದೇನೆ, ಸ್ಪೀಕರ್ ಹಾಕಿದ್ದೇನೆ, ಹೇಳಿ ಎಂದಳು. ಹಿಂದೆ ಎಂಜಿನ್ನು ಕೆಮ್ಮುತ್ತಿತ್ತು. ಅದು ಟೈಲರ್ ಮಾಮನ ಪಾಠದ ಹೊತ್ತು ಎಂದು ಸಿಸ್ಟರಮ್ಮನಿಗೆ ನೆನಪಾಯಿತು. ಹಿಂದಿನ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡವರು, ತನ್ನ ಯೂನಿಫಾರ್ಮನ್ನೂ ಹೊಲಿದುಕೊಡುವವರು, ತಲೆ ನರೆತ ಮೇಲೆ ಕಾರಿನ ಹುಚ್ಚು ಹತ್ತಿದವರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಗುಂಡಿ ಹಾಕಿಸಿಕೊಳ್ಳಲು ಬಂದವರಿಗೆಲ್ಲ ತಲುಪುತ್ತದೆ. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಡೋಣ ಎನಿಸಿತು. ಕರಿಯನ ಕಡೆ ನೋಡಿದರು.

"ನಿನ್ನ ಮೀನು ಸಾಯ್ತಾ ಇವೆ ಕಣೇ," ಅಂದರು. "ನಾನೇ ಮಾಡಿದ್ದು. ಮೊನ್ನೆ ಆ ಸ್ಪಂಜನ್ನ ಆಸ್ಪತ್ರೆಗೆ ತಗೊಂಡು ಹೋಗಿ ಆವೀಲಿ ಬೇಯಿಸಿಬಿಟ್ಟೆ. ಕಲ್ಲನ್ನೂ ಕುದಿಸಿದೆ. ನೀರು ತಾನಾಗಿ ತಿಳಿಯಾಗಲಿಲ್ಲ."

ಆ ಕಡೆಯಿಂದ ಸೊಸೆ ಬ್ರೇಕು ಮಾಮ, ಬ್ರೇಕು ಎಂದದ್ದೂ ಕಾರು ಜಗ್ಗಿ ನಿಂತದ್ದೂ ಕೇಳಿಸಿತು. ಸ್ಪಂಜನ್ನ ಯಾಕೆ ಬೇಯಿಸಿದರಂತೆ ಎಂದು ಟೈಲರ್ ಮಾಮ ಪಿಸುದನಿಯಲ್ಲಿ ಕೇಳಿದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಇನ್ನೇನು ಇರಲಿ ಅತ್ತೆ ಎನ್ನುತ್ತಾಳೆ ಎಂದು ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡರು. ಸೊಸೆ ಹಾಗೆ ಅನ್ನಲಿಲ್ಲ. ಊಟ ಹಾಕಬೇಡಿ, ಸ್ನಾನದ ಮನೆಯಲ್ಲಿ ನಿನ್ನೆಯಿಂದ ತುಂಬಿಟ್ಟು ಔಷಧಿ ವಾಸನೆ ಹೋದ ನೀರಿನ ಬಕೆಟ್ಟಿದೆ, ಟ್ಯಾಂಕಿನ ಅರ್ಧ ನೀರು ತೆಗೆದು ಆ ನೀರನ್ನು ನಿಧಾನವಾಗಿ ಹಾಕುತ್ತಾ ಬನ್ನಿ, ನಲ್ಲಿ ನೀರು ಮುಟ್ಟಬೇಡಿ, ಬೇರೆ ಏನೂ ಮಾಡಬೇಡಿ ಎಂದು ಒಂದೇ ಉಸಿರಿಗೆ ಹೇಳಿ ಫೋನು ಇಟ್ಟಳು.

ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಸಿಸ್ಟರಮ್ಮನಿಗೆ ಕಷ್ಟದ ಕೆಲಸವಲ್ಲ. ಲೋಟ ಲೋಟವಾಗಿ ನೀರು ತೆಗೆದರು. ಬಕೆಟ್ಟಿನ ತಣ್ಣಗಿನ ನೀರನ್ನು ಗಾಜಿನ ಒಳಬದಿಗೆ ಇಳಿಬಿಟ್ಟು, ಮಗುವಿನ ತಲೆಗೆ ನೀರು ಹಾಕುವಾಗಿನಂತೆ ಮೆಲ್ಲಗೆ ಸುರಿದರು. ಸುರಿಯುತ್ತಾ, ಸಾಯಬೇಡ್ರೋ, ಅವಳು ಬರೋವರೆಗೆ ತಡ್ಕೊಳ್ರೋ ಎಂದು ಗೊಣಗುತ್ತಿದ್ದರು. ಸೊಸೆಯ ದನಿಯಲ್ಲಿ ಇದ್ದದ್ದೇನು ಎಂದು ಮತ್ತೆ ಮತ್ತೆ ನೆನಪಿಗೆ ತಂದುಕೊಂಡರು. ಸಿಟ್ಟೋ? ಸಿಟ್ಟಾದರೆ ಪರವಾಗಿಲ್ಲ. ಸಂಜೆ ಬಂದು ನಯವಾಗಿ ನಕ್ಕು, ಮುಂದಿನ ತಿಂಗಳು ಗಂಡನ ಕಿವಿಯಲ್ಲಿ ಬೇರೆ ಮನೆ ನೋಡೋಣ ಎಂದರೆ? ಅವಳು ಹೋಗುವುದಾದರೆ ಹಾಗೇ ಹೋಗುತ್ತಾಳೆ, ಒಂದು ಮಾತೂ ಆಡದೆ. ಟ್ಯಾಂಕಿದ್ದ ಮೇಜಿನ ಮೇಲೆ ಚೌಕದ ಗುರುತು ಉಳಿಯುತ್ತದೆ. ಆ ಗುರುತನ್ನು ತಾನೇ ಉಜ್ಜಿ ಉಜ್ಜಿ ತೆಗೆಯುವುದು ಕಣ್ಣಿಗೆ ಬಂದು ಸಿಸ್ಟರಮ್ಮನ ಕೈಯ ಲೋಟ ಗಾಜಿಗೆ ಬಡಿಯಿತು.

ಕಾರು ಬಂದದ್ದು ಬೀದಿಗೆಲ್ಲ ತಿಳಿಯಿತು. ಓಡಿಸಿಕೊಂಡು ಬಂದವರು ಟೈಲರ್ ಮಾಮ, ಪಕ್ಕದಲ್ಲಿ ಸೊಸೆ, ಅವಳ ಕೈಯಲ್ಲಿ ಕಂದು ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಆಫೀಸಿಗೆ ಹೋಗಿ ಅಲ್ಲಿಯ ಹಳೇ ಟ್ಯಾಂಕಿನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿಕೊಂಡು ಬಂದಿದ್ದಳು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಟ್ಯಾಂಕಿನ ಮೇಲೆ ಬಗ್ಗಿ, ಆ ಗಲೀಜು ಸ್ಪಂಜನ್ನು ನೀರಿನೊಳಗೆ ಒಮ್ಮೆ ಹಿಂಡಿ, ಸೋಸುವ ಯಂತ್ರದೊಳಗೆ ತೂರಿಸಿದಳು. ತಿಳಿನೀರಿನಲ್ಲಿ ರಾಡಿ ಎದ್ದು ಮೀನುಗಳೇ ಮರೆಯಾದವು. ಸಿಸ್ಟರಮ್ಮನ ಬಾಯಿಂದ ಅಯ್ಯೋ ಎಂದು ಬಂದೇಬಿಟ್ಟಿತು. ಸೊಸೆ ತಿರುಗಿದಳು.

"ಅಯ್ಯೋ ಅನ್ಬೇಡಿ. ಈ ಕೊಳೆಯಲ್ಲೇ ಅತ್ತೆ, ಮೀನಿನ ಗಲೀಜು ತಿಂದು ನೀರನ್ನ ಕಾಯೋ ಜೀವ ಇರೋದು. ಅದು ಹುಟ್ಟಿಕೊಳ್ಳೋಕೇ ವಾರಗಟ್ಟಲೆ ಬೇಕು. ಹಣ್ಣಾಗಬೇಕು ಅಂತ ಬಡ್ಕೊಂಡಿದ್ದು ಅದಕ್ಕೇ. ನೀವು ಬೇಯಿಸಿದ್ದು ಸ್ಪಂಜನ್ನಲ್ಲ, ಅವನ್ನ."

ಕಣ್ಣಿಗೆ ಕಾಣದ ಜೀವಗಳೆಂದರೆ ಶತ್ರು, ಕೊಲ್ಲಬೇಕಾದವು ಎಂದೇ ಬದುಕಿದವರು ಸಿಸ್ಟರಮ್ಮ. ಅವುಗಳಲ್ಲೂ ಮನೆಗೆ ಬೇಕಾದವು ಇರುತ್ತವೆ ಎಂದು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಓದಿ ಪರೀಕ್ಷೆ ಬರೆದು ಮರೆತಿದ್ದರು. ತಪ್ಪಾಯಿತು ಕಣೇ ಎಂದರು. ಅಷ್ಟು ಹೇಳಿದ್ದೇ ತಪ್ಪಾಯಿತೋ ಏನೋ, ಸೊಸೆಯ ಕಟ್ಟೆ ಒಡೆಯಿತು.

"ಇದೊಂದೇನಾ? ನನ್ನ ಊಟದ ಡಬ್ಬಿ ನಾನು ತೊಳೆದಿಟ್ಟಿದ್ದನ್ನ ದಿನಾ ಮತ್ತೆ ತೊಳೀತೀರಿ. ದಿಂಬಿನ ಬಟ್ಟೆ ಹಾಕಿದ ಮಾರನೇ ದಿನವೇ ಮಾಯ. ಕಾರಿನ ಕೀಲಿಕೈ ಸ್ಪಿರಿಟ್ ವಾಸನೆ ಹೊಡೆಯುತ್ತೆ ಅಂತ ಕಲಿಯೋರು ನನ್ನ ಅನುಮಾನದಿಂದ ನೋಡ್ತಾರೆ. ನಾನೇನು ರೋಗ ಹೊತ್ಕೊಂಡು ಬಂದಿದೀನಾ ಈ ಮನೆಗೆ? ಇರಲಿ, ಇರಲಿ ಅಂತ ಎಷ್ಟು ದಿನ ಅನ್ನಲಿ? ಇನ್ನೊಂದು ಸಲ ನನ್ನ ಸಾಮಾನು ಮುಟ್ಟಿ, ಆಗ ಗೊತ್ತಾಗುತ್ತೆ!"

ಎಲ್ಲ ಗೊತ್ತಿತ್ತು ಅವಳಿಗೆ. ಡಬ್ಬಿ, ದಿಂಬು, ಕೀಲಿಕೈ, ಒಂದೂ ಬಿಡದೆ ಗೊತ್ತಿತ್ತು. ಸಿಸ್ಟರಮ್ಮನಿಗೆ ಮುಖವೆಲ್ಲ ಬಿಸಿಯಾಯಿತು, ಟೈಲರ್ ಮಾಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ ಎಂಬುದೂ ತಿಳಿಯಿತು. ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರೊಂದು ಎದೆಯಿಂದ ಇಳಿದುಹೋದಂತೆ ಹಗುರವಾಯಿತು. ಈ ಮಾತನ್ನು ತಾನು ತನ್ನ ಅತ್ತೆಗೆ ಆಡಬೇಕಾಗಿತ್ತು, ಪಾತ್ರೆಗಳ ಪಕ್ಕದಲ್ಲಿ ನಿಂತು. ಆಡಿದ್ದರೆ ಆ ಮುದುಕಿಯೂ ಏನಾದರೂ ಅನ್ನುತ್ತಿದ್ದಳು, ಇಬ್ಬರೂ ಬೈದಾಡಿಕೊಂಡು ಬದುಕಿಕೊಳ್ಳುತ್ತಿದ್ದರು. ಬೈಯುತ್ತಾಳೆ ಎಂದರೆ ಇರುತ್ತಾಳೆ ಎಂದು ಅರ್ಥ. ಬಿಟ್ಟು ಹೋಗುವವಳು ಇಷ್ಟು ಗಂಟಲು ಹರಿದುಕೊಳ್ಳುವುದಿಲ್ಲ.

"ಬಾಗಿಲು ಧಡಾರ್ ಅಂತ ಹಾಕ್ಕೊಂಡು ಹೋಗ್ತೀಯಲ್ಲ ದಿನಾ ಬೆಳಿಗ್ಗೆ," ಎಂದರು ಸಿಸ್ಟರಮ್ಮ, ತಮಗೇ ಆಶ್ಚರ್ಯವಾಗುವಷ್ಟು ಜೋರಾಗಿ. "ನಾನೇನಾದರೂ ಅಂದಿದೀನಾ?"

ಸೊಸೆ ಬಾಗಿಲ ಕಡೆ ಕೈ ತೋರಿಸಿದಳು. ಆ ಬಾಗಿಲು ಹಾಗೆ ಹಾಕದಿದ್ದರೆ ಕೂರುವುದೇ ಇಲ್ಲ, ಸರಿಮಾಡಿಸಿ ಎಂದು ಬಂದ ದಿನದಿಂದ ಗಂಡನಿಗೆ ಹೇಳುತ್ತಿದ್ದೇನೆ ಎಂದಳು. ಅವನಿಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ, ನನಗೆ ಹೇಳಬೇಕಾಗಿತ್ತು ಎಂದರು ಇವರು. ಆಗ ಟೈಲರ್ ಮಾಮ ಗಂಟಲು ಸರಿಮಾಡಿಕೊಂಡು, ಕಾರು ರಸ್ತೆಗೆ ಅಡ್ಡ ನಿಂತಿದೆ, ಹಿಂದೆ ಒಂದು ವ್ಯಾನು ಕಾಯುತ್ತಿದೆ, ತಮಗಿನ್ನೂ ಹಿಂದಕ್ಕೆ ತೆಗೆಯುವ ಪಾಠ ಆಗಿಲ್ಲ ಎಂದು ಬಲು ವಿನಯದಿಂದ ತಿಳಿಸಿದರು. ಸೊಸೆಗೆ ನಗು ಬಂತು. ಸಿಟ್ಟು ಇಳಿದಿರಲಿಲ್ಲ, ಆದರೂ ಬಂತು. ಹೊರಡುತ್ತಾ, ಇಲ್ಲೇ ಕೂತು ನೋಡುತ್ತಿರಿ, ಕೆಳಗಿಳಿದರೆ ಬದುಕಿದವು, ಕೈ ಮಾತ್ರ ಹಾಕಬೇಡಿ ಎಂದು ಹೇಳಿ ಹೋದಳು. ಬಾಗಿಲು ಧಡಾರೆಂದಿತು.

ಸಿಸ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಅವರಿಗೆ ಗೊತ್ತಿರಲಿಲ್ಲ. ಗಾಜಿನ ಮೇಲೆ ಸೊಸೆಯ ಬೆರಳಿನ ಕಂದು ಗುರುತು, ನೆಲದ ಮೇಲೆ ಅವಳ ಚಪ್ಪಲಿಯ ಮಣ್ಣು, ಮೇಜಿನ ಅಂಚಿನಿಂದ ತೊಟ್ಟಿಕ್ಕುವ ನೀರು. ಎರಡು ಸಲ ಎದ್ದರು, ಎರಡು ಸಲವೂ ಕೂತರು. ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತಿತು. ರಾಡಿ ಸ್ವಲ್ಪ ಸ್ವಲ್ಪವಾಗಿ ಇಳಿದಾಗ ಕಿತ್ತಳೆ ಬಣ್ಣದ ಒಂದು ಮೀನು ಮೇಲ್ಮೈ ಬಿಟ್ಟು ನಡುನೀರಿಗೆ ಬಂತು. ಮತ್ತೆ ಮೇಲೆ ಹೋಯಿತು. ಮತ್ತೆ ಬಂದದ್ದು ಅಲ್ಲೇ ಉಳಿಯಿತು. ಅದರ ಹಿಂದೆ ಇನ್ನೊಂದು. ಕರಿಯ ಎಲ್ಲಿ? ಮೂಲೆಯಲ್ಲಿರಲಿಲ್ಲ. ಸಿಸ್ಟರಮ್ಮ ಜೀವ ಕೈಯಲ್ಲಿ ಹಿಡಿದು ಮೂಗು ಗಾಜಿಗೆ ತಾಗುವಂತೆ ಬಗ್ಗಿ ಹುಡುಕಿದರು. ತಳದ ಕಲ್ಲುಗಳ ಸಂದಿಯಲ್ಲಿ ನೆಟ್ಟಗೆ ನಿಂತು, ಸೊಸೆ ಹಿಂಡಿದ ಕೊಳೆಯ ಚೂರೊಂದನ್ನು ಬಾಯಲ್ಲಿ ಹಾಕಿಕೊಂಡು ಉಗಿಯುತ್ತಿತ್ತು ಅದು, ಮತ್ತೆ ಹಾಕಿಕೊಂಡು ಮತ್ತೆ ಉಗಿಯುತ್ತಿತ್ತು. ಸಿಸ್ಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

ಒಳಗಿನಿಂದ ಮಗ ಆಕಳಿಸುತ್ತಾ ಬಂದ. ಟ್ಯಾಂಕು ನೋಡಿ, ಅವನ ನಿದ್ದೆ ಅಲ್ಲೇ ಹಾರಿಹೋಯಿತು. ಎಷ್ಟೆಂದರೂ ಸಿಸ್ಟರಮ್ಮ ಸಾಕಿದ ಮಗ. "ಇದೇನಮ್ಮ ಇಷ್ಟು ಗಲೀಜು? ಸರಿ ಈಚೆ, ತೊಳೆದುಬಿಡ್ತೀನಿ" ಎಂದು ಅಂಗಿಯ ತೋಳು ಮಡಚಿದ.

"ಅದು ನಿನ್ನ ಹೆಂಡತೀದು," ಎಂದರು ಸಿಸ್ಟರಮ್ಮ, ಟ್ಯಾಂಕಿಗೆ ಅಡ್ಡ ನಿಂತು. "ಬೆರಳು ತಾಗಿಸಿದರೆ ನೋಡು."

ಮಗ ತಾಯಿಯ ಮುಖ ನೋಡಿದ, ನೆಲದ ಮೇಲಿನ ಚಪ್ಪಲಿಯ ಮಣ್ಣು ನೋಡಿದ, ಮತ್ತೆ ಮುಖ ನೋಡಿದ. ಹತ್ತಿರ ಬಂದು ಹಣೆ ಮುಟ್ಟಿ ನೋಡಿದ, ಜ್ವರವೇನಾದರೂ ಬಂದಿದೆಯೇನೋ ಎಂದು.